ನೋಡಲಿಲ್ಲ ಅಲ್ಲ, ಕಾಣಲಿಲ್ಲ

ಆ ವಿಡಿಯೋ ತೆಗೆದವಳು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ತಪ್ಪನ್ನು ಎದುರಾಳಿ ಎತ್ತಿ ತೋರಿಸುವ ಮೊದಲು ನಾವೇ ಹೇಳಿಬಿಟ್ಟರೆ ಅವನ ಅರ್ಧ ಭಾಷಣ ವ್ಯರ್ಥವಾಗುತ್ತದೆ ಎಂದು ಕಾಲೇಜಿನ ಚರ್ಚಾಕೂಟದಲ್ಲಿ ಕಲಿತಿದ್ದೇನೆ.

ಎರಡು ವರ್ಷದ ಹಿಂದಿನ ಒಂದು ಶನಿವಾರ. ಕೊಚ್ಚಿಯ ಹೊರಗಿನ ಪುಟ್ಟ ರೇಸ್ ಟ್ರ್ಯಾಕೊಂದರಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ವೆಲ್ಡ್ ಮಾಡಿ ಕಟ್ಟಿದ ಗೋ-ಕಾರ್ಟು ಎಂಬ ಚಿಕ್ಕ ತೆರೆದ ಗಾಡಿಗಳ ಪಂದ್ಯ. ತಿರುವನಂತಪುರದಿಂದ ನನ್ನ ಅಕ್ಕನ ಕಾಲೇಜಿನ ತಂಡವೂ ಬಂದಿತ್ತು. ಗಾಡಿ ಓಡಿಸುವವಳು ಅಕ್ಕ. ನಾನು ಬರೀ ಕೂಗಾಡಲು ಹೋದವಳು. ಬೇಲಿಯ ಪಕ್ಕ ಜನ ತುಂಬಿದ್ದರಿಂದ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ ನಿಂತು ಫೋನ್ ಎತ್ತಿ ಹಿಡಿದಿದ್ದೆ.

ಐದನೇ ತಿರುವಿನಲ್ಲಿ ಒಂದು ಕೆಂಪು ಗಾಡಿ ಗಿರ್ರನೆ ಸುತ್ತಿ ಟ್ರ್ಯಾಕಿಗೆ ಅಡ್ಡಲಾಗಿ ನಿಂತುಬಿಟ್ಟಿತು. ಅಲ್ಲಿದ್ದ ಮಾರ್ಷಲ್, ಅಂದರೆ ಬಾವುಟ ಬೀಸಿ ಎಚ್ಚರಿಕೆ ಕೊಡುವವನು, ಹಳದಿ ಬಾವುಟ ಬೀಸತೊಡಗಿದ. ಹಳದಿ ಎಂದರೆ ಮುಂದೆ ಅಪಾಯ, ನಿಧಾನಿಸು. ಅಕ್ಕ ನಿಧಾನಿಸಲಿಲ್ಲ. ತಿರುವಿಗೆ ನುಗ್ಗಿದವಳು ಕೊನೆಯ ಗಳಿಗೆಯಲ್ಲಿ ಬ್ರೇಕ್ ತುಳಿದಳು. ಚಕ್ರಗಳು ಕಿರುಚಿದವು. ಧಡ್! ಕೆಂಪು ಗಾಡಿ ಟೈರುಗಳ ಗೋಡೆಗೆ ಹೋಗಿ ಬಡಿಯಿತು.

ನನ್ನ ಜೀವ ಬಾಯಿಗೆ ಬಂತು. ಇಬ್ಬರೂ ಎದ್ದು ನಡೆಯುವುದನ್ನು ಕಂಡ ಮೇಲೆ ಅದೇ ಜೀವ ನಾಲಿಗೆಗೆ ಇಳಿಯಿತು. ಹುಬ್ಬಳ್ಳಿಯ ಕಸಿನ್‌ಗಳ ಗುಂಪಿಗೂ ನನ್ನ ಚರ್ಚಾಕೂಟದ ಗುಂಪಿಗೂ ವಿಡಿಯೋ ಹಾಕಿದೆ. ಜೊತೆಗೆ ಬರೆದೆ: "ಹಳದಿ ಕಂಡು ಅರಿಶಿನ-ಕುಂಕುಮಕ್ಕ ಕರದಾರ ಅಂತ ತಿಳಕೊಂಡು ಓಡ್ಯಾಳ ನಮ್ಮಕ್ಕ!"

ಐದು ನಿಮಿಷದಲ್ಲಿ ನಲವತ್ತು ಪ್ರತಿಕ್ರಿಯೆ. ಕನ್ನಡದಲ್ಲಿ ಕುಂತಲ್ಲೇ ಟೀಕೆ ಮಾಡಲು ವಿಷಯಜ್ಞಾನ ಬೇಕಿಲ್ಲ, ಕ್ರಿಯಾಪದದ ಬಾಲಕ್ಕೆ 'ಬೇಕಿತ್ತು' ಅಂಟಿಸಿದರೆ ಸಾಕು. ಎಡಕ್ಕೆ ತಗೋಬೇಕಿತ್ತು. ಮೊದಲೇ ಅಂದಾಜು ಮಾಡಬೇಕಿತ್ತು. ತಿರುವನಂತಪುರದ ಶ್ರೀಕಾರ್ಯಂನಲ್ಲಿರುವ ನಮ್ಮ ಮನೆಯಿಂದ ಅಪ್ಪನ ಧ್ವನಿಸಂದೇಶವೂ ಬಂತು: "ಬ್ರೇಕ್ ಹಿಡೀಬೇಕಿತ್ತು. ಅಷ್ಟೂ ತಿಳೀಲಿಲ್ಲೇನು ಆಕಿಗೆ?" ಅಪ್ಪ ಮರಗೆಣಸಿನ ರೋಗಗಳನ್ನು ಪತ್ತೆ ಮಾಡುವ ವಿಜ್ಞಾನಿ. ಹೊಲದಲ್ಲಿ ಪುರಾವೆ ಇಲ್ಲದೆ ಒಂದು ಎಲೆಯನ್ನೂ ರೋಗಿ ಎನ್ನುವವರಲ್ಲ. ಆದರೆ ಭಾನುವಾರ ಸಂಜೆ ಟಿವಿಯಲ್ಲಿ ರೇಸ್ ಶುರುವಾಯಿತೆಂದರೆ ಗಂಟೆಗೆ ಮುನ್ನೂರು ಕಿಲೋಮೀಟರಿನಲ್ಲಿ ಹೋಗುವವರಿಗೆಲ್ಲ ಬೆತ್ತದ ಕುರ್ಚಿಯಿಂದಲೇ ಪಾಠ. ಅವರ ಸ್ಕೂಟರ್ ನಲವತ್ತು ದಾಟಿದ್ದನ್ನು ನಾನಂತೂ ಕಂಡಿಲ್ಲ. ಅವರ ಪಕ್ಕ ಕೂತು ಅವರಿಗಿಂತ ಜೋರಾಗಿ ಪಾಠ ಹೇಳುತ್ತಿದ್ದವಳು ನಾನು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ನಾನು ಲೆಕ್ಕಕ್ಕೆ ಹಿಡಿಯದ ಸಂಗತಿ ಒಂದಿತ್ತು. ಚರ್ಚಾಕೂಟದವರಲ್ಲಿ ಅರ್ಧ ಜನರ ಗೆಳೆಯರು ಅದೇ ಪಂದ್ಯಕ್ಕೆ ಬಂದಿದ್ದರು. ಅರ್ಧ ಗಂಟೆಯೊಳಗೆ ನನ್ನ ವಿಡಿಯೋ ಸುತ್ತಿ ಬಳಸಿ ನಿರ್ಣಾಯಕರ ಡೇರೆ ಸೇರಿತು.

ಮುಖ್ಯ ನಿರ್ಣಾಯಕರು ಅರವತ್ತು ದಾಟಿದ, ದಪ್ಪ ಮೀಸೆಯ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನ ಮನುಷ್ಯ. ಅವರು ಅಕ್ಕನನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದರು. ಅಕ್ಕ ಇಂಗ್ಲಿಷಿನಲ್ಲಿ ಹೇಳಿದಳು: "ಐ ಡಿಡ್ ನಾಟ್ ಸೀ ದ ಫ್ಲ್ಯಾಗ್, ಸರ್." ಅವರು ಫೋನನ್ನು ಅವಳತ್ತ ತಿರುಗಿಸಿದರು. ವಿಡಿಯೋದಲ್ಲಿ ಬಾವುಟ ಮದುವೆ ಚಪ್ಪರದ ಹಾಗೆ ಎದ್ದು ಕಾಣುತ್ತಿತ್ತು. ಚಾಲಕಿ ತಪ್ಪೊಪ್ಪಿಕೊಂಡಿದ್ದಾಳೆ ಎಂದು ಬರೆದುಕೊಂಡರು. ಭಾನುವಾರದ ಅಂತಿಮ ಪಂದ್ಯದಲ್ಲಿ ಅವಳು ಓಡಿಸುವಂತಿಲ್ಲ. ಆಕ್ಷೇಪವಿದ್ದರೆ ಐದೂವರೆಯೊಳಗೆ ಪುರಾವೆ ಸಮೇತ ಬರಬೇಕು, ಆಮೇಲೆ ಸಹಿ.

ಅಕ್ಕನದು ಕೊನೆಯ ವರ್ಷ. ಮುಂದಿನ ವರ್ಷ ಅವಳು ಕಾಲೇಜಿನಲ್ಲಿ ಇರುವುದಿಲ್ಲ, ತಂಡದಲ್ಲೂ ಇರುವುದಿಲ್ಲ. ಎಂಟು ತಿಂಗಳು ವರ್ಕ್‌ಶಾಪಿನಲ್ಲಿ ಕಬ್ಬಿಣದ ಕೊಳವೆ ಕೊಯ್ದು ಕೈಯೆಲ್ಲ ಗಾಯ ಮಾಡಿಕೊಂಡಿದ್ದು ನಾಳೆಯ ಆ ಒಂದು ಗಂಟೆಗಾಗಿ. ತಂಡದ ನಾಯಕ, ಅವಳದೇ ತರಗತಿಯ ಕೊಲ್ಲಂ ಹುಡುಗ, ಮುಖ ತಿರುಗಿಸಿಕೊಂಡೇ ಹೇಳಿದ, ನಾಳೆ ತಾನೇ ಓಡಿಸುತ್ತೇನೆಂದು.

ಅಕ್ಕ ಡೇರೆಯ ಹಿಂದೆ ಒಂದು ಹಳೆಯ ಟೈರಿನ ಮೇಲೆ ಕೂತಿದ್ದಳು. ಕೈಗವಸು ಇನ್ನೂ ತೆಗೆದಿರಲಿಲ್ಲ. ಸಮಾಧಾನ ಮಾಡುವುದನ್ನು ನನಗೆ ಯಾರೂ ಕಲಿಸಿಲ್ಲ, ಪಾಟೀಸವಾಲು ಕಲಿಸಿದ್ದಾರೆ.

"ಬಾವುಟ ನೋಡಿದ್ಯೋ ಇಲ್ಲೋ?"

"ಕಾಣ್ಲಿಲ್ಲ."

"ಕಾಣ್ಲಿಲ್ಲ ಅನ್ನೂದು ವಾದ ಅಲ್ಲಕ್ಕಾ. ಅಷ್ಟು ದೊಡ್ಡ ಬಾವುಟ. ನನಗ ಕಂಡತಿ, ಊರಿಗೆಲ್ಲಾ ಕಂಡತಿ."

"ಊರಿಗೆಲ್ಲಾ ತೋರಿಸಿದಾಕಿ ನೀನ ಅಲ್ಲ? ಅರಿಶಿನ-ಕುಂಕುಮ ಅಂತ. ಹೋಗು ಇಲ್ಲಿಂದ, ಮಾತಿನಮಲ್ಲಿ."

ಆಗ ಅಮ್ಮನ ಫೋನ್ ಬಂತು. ಕೈಗವಸಿನ ಕೈಯಲ್ಲಿ ಫೋನ್ ಹಿಡಿಯಲಾಗದೆ ಅಕ್ಕ ಅದನ್ನು ಮೊಣಕಾಲ ಮೇಲಿಟ್ಟು ಸ್ಪೀಕರ್ ಹಾಕಿದಳು. ಅಮ್ಮ ಜನ್ಮದಲ್ಲಿ ಒಂದು ರೇಸನ್ನೂ ಪೂರ್ತಿ ನೋಡಿದವರಲ್ಲ. ಸದ್ದು ಕಡಿಮೆ ಮಾಡ್ರಿ ಎನ್ನುವುದಷ್ಟೇ ಆ ಆಟದ ಬಗ್ಗೆ ಅವರ ಅಭಿಪ್ರಾಯ.

"ಪೆಟ್ಟಾತೇನವಾ?"

"ಇಲ್ಲವ್ವಾ. ಬಾವುಟ ತೋರಿಸಿದ್ರಂತ. ನನಗ ಕಾಣ್ಲಿಲ್ಲ."

"ಕಾಣ್ಲಿಲ್ಲಾ? ಅಡ್ಡ ಏನಿತ್ತು?"

ಗಾಡಿ ಗುದ್ದಿದಾಗಿನಿಂದ ಒಬ್ಬರೂ ಕೇಳದ ಪ್ರಶ್ನೆ ಅದು.

"ಏನೂ ಇರ್ಲಿಲ್ಲ," ಅಕ್ಕ ಯೋಚಿಸುತ್ತ ಹೇಳಿದಳು. "ಬೇಲಿಗೊಂದು ಜಾಹೀರಾತಿನ ಫ್ಲೆಕ್ಸ್ ಕಟ್ಯಾರ, ಅಷ್ಟ. ಮುಂಜಾನೆ ಇರ್ಲಿಲ್ಲ. ಊಟದ ಹೊತ್ತಿಗೆ ಕಟ್ಯಾರ."

"ಮತ್ತ ಅದಽ ಅಡ್ಡ ಬಂದಿರತೈತಿ. ಶ್ರೀಕಾರ್ಯಂ ಜಂಕ್ಷನ್ನಾಗ ಆ ಓಣಂ ಫ್ಲೆಕ್ಸ್ ಹಚ್ಚಿದಾಗಿಂದ ನನಗ ಬಸ್ಸಽ ಕಾಣವಲ್ಲದು. ನಿಮ್ಮಪ್ಪ ಅಂತಾರ, ನೋಡಿ ದಾಟಬೇಕು ಅಂತ. ಅವರು ಆರಡಿ ಅದಾರ, ಅವರಿಗೇನು."

ಅಮ್ಮ ಐದಡಿಗಿಂತ ಗಿಡ್ಡ. ಗೋ-ಕಾರ್ಟಿನ ಸೀಟು ನೆಲದಿಂದ ನಾಲ್ಕು ಬೆರಳು ಮೇಲೆ.

ಗಡಿಯಾರ ನೋಡಿದೆ. ಐದೂ ಹತ್ತು. ಓಡಿದೆ! ಮೊದಲ ಸುತ್ತುಗಳೆಲ್ಲ ಮುಗಿದು ಟ್ರ್ಯಾಕ್ ಖಾಲಿಯಾಗಿತ್ತು. ಐದನೇ ತಿರುವಿಗೆ ಮುಂಚಿನ ನೇರ ದಾರಿಯಲ್ಲಿ, ಗಾಡಿ ಬರುವ ಜಾಗದಲ್ಲೇ, ಕಾಲು ಚಾಚಿ ಡಾಂಬರಿನ ಮೇಲೆ ಕೂತೆ. ಇಡೀ ದಿನದ ಬಿಸಿಲು ಹೀರಿದ ಡಾಂಬರು ಚುರ್ರೆಂದಿತು. ತಲೆ ಎತ್ತಿದರೆ ಎದುರಿಗೆ ಫ್ಲೆಕ್ಸು: ಎದೆಯೆತ್ತರ, ಉದ್ದಕ್ಕೂ ಯಾವುದೋ ಪೈಂಟಿನ ಜಾಹೀರಾತು. ಅದರ ಆಚೆ ಮಾರ್ಷಲ್ ತನ್ನ ಜಾಗದಲ್ಲಿ ಚಹಾ ಕುಡಿಯುತ್ತಿದ್ದಾನೆಂದು ನಾನು ಬರುವಾಗ ಕಂಡಿದ್ದೆ. ಈಗ ಅವನಿಲ್ಲ. ಎದ್ದು ನಿಂತೆ, ಇದ್ದಾನೆ. ಕೂತೆ, ಇಲ್ಲ. ಎದ್ದೆ, ಕೂತೆ, ಎದ್ದೆ. ಅವನು ಚಹಾದ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದ, ಬಿಸಿಲು ತಲೆಗೇರಿದೆ ಎಂದುಕೊಂಡಿರಬೇಕು.

ಐದೂಕಾಲಿಗೆ ಡೇರೆಯೊಳಗೆ ನುಗ್ಗಿದೆ. ಏದುಸಿರು ಬಿಡುತ್ತ ಮಲಯಾಳದಲ್ಲೇ ಶುರು ಮಾಡಿದೆ. ನಮ್ಮ ಮನೆಯ ಮಾತಿನಲ್ಲಿ ನೋಡಲಿಲ್ಲ ಅನ್ನುವುದು ಬೇರೆ, ಕಾಣಲಿಲ್ಲ ಅನ್ನುವುದು ಬೇರೆ ಸರ್. 'ನಾನು ನೋಡಲಿಲ್ಲ' ಅಂದರೆ ತಪ್ಪು ನನ್ನದು. 'ನನಗೆ ಕಾಣಲಿಲ್ಲ' ಅಂದರೆ ಬಾವುಟವೇ ನನ್ನ ತನಕ ಬರಲಿಲ್ಲ. ಅವಳು ಹೇಳಿದ್ದು ಎರಡನೆಯದು. ಇಂಗ್ಲಿಷಿಗೆ ತಂದಾಗ ಅದು ಮೊದಲನೆಯದಾಯಿತು, ನೀವು ಅದನ್ನೇ ಬರೆದುಕೊಂಡಿರಿ.

ಅವರು ಮೀಸೆಯೊಳಗೇ ನಕ್ಕರು. "ಮಗಳೇ, ಇದು ರೇಸು, ವ್ಯಾಕರಣದ ಪರೀಕ್ಷೆಯಲ್ಲ. ಈ ವಿಡಿಯೋ ಸುಳ್ಳು ಹೇಳುತ್ತದೆಯೇ?"

"ಅದನ್ನು ತೆಗೆದವಳು ನಾನೇ ಸರ್. ಕುರ್ಚಿ ಹತ್ತಿ ನಿಂತು ತೆಗೆದಿದ್ದೇನೆ. ಅಕ್ಕ ಕುರ್ಚಿಯ ಮೇಲೆ ನಿಂತು ಗಾಡಿ ಓಡಿಸುತ್ತಿರಲಿಲ್ಲ. ಬಂದು ಒಮ್ಮೆ ಅವಳ ಜಾಗದಲ್ಲಿ ಕೂತು ನೋಡಿ."

"ಎಲ್ಲಿ?"

"ನೆಲದ ಮೇಲೆ."

ಡೇರೆಯಲ್ಲಿದ್ದ ನಾಲ್ಕೈದು ಜನ ಅವರ ಬಿಳಿ ಪ್ಯಾಂಟನ್ನೇ ನೋಡಿದರು. ಅವರೂ ನೋಡಿಕೊಂಡರು. ಆಮೇಲೆ ಟೊಪ್ಪಿಗೆ ತೆಗೆದು ತಲೆಗಿಟ್ಟರು. "ನಡಿ."

ನಾವು ಮೆರವಣಿಗೆಯ ಹಾಗೆ ಹೊರಟೆವು. ನಿರ್ಣಾಯಕರು, ನಾನು, ಸುದ್ದಿ ಕೇಳಿ ಓಡಿಬಂದ ತಂಡದ ನಾಯಕ, ಎಲ್ಲರ ಹಿಂದೆ ಅಕ್ಕ. ಆ ದೊಡ್ಡ ಮನುಷ್ಯ ನನ್ನ ಭುಜ ಹಿಡಿದು, ಅಯ್ಯೋ ಎನ್ನುತ್ತ, ಹಂತ ಹಂತವಾಗಿ ಡಾಂಬರಿಗೆ ಇಳಿದು ಕಾಲು ಚಾಚಿದರು. ಅವರು ನನಗಿಂತ ಎತ್ತರ, ಒಂದು ಅಂಗೈಯಗಲ ಬಾವುಟ ಕಂಡರೂ ನಮ್ಮ ಕಥೆ ಮುಗಿಯಿತು. ಅಕ್ಕ ನನ್ನ ಪಕ್ಕ ನಿಂತು ಉಗುರು ಕಚ್ಚುತ್ತಿದ್ದಳು, ಕೈಗವಸಿನ ಮೇಲಿಂದಲೇ.

ಅವರು ಕೂತಲ್ಲಿಂದ ಕೂಗಿದರು: "ವೀಶು!" ಬೀಸು ಎಂದು.

ಏನೂ ಆಗಲಿಲ್ಲ.

"ಎಡಾ, ವೀಶುನ್ನುಂಡೋ?"

ಫ್ಲೆಕ್ಸಿನ ಆಚೆಯಿಂದ ನೊಂದ ದನಿ ಬಂತು: "ವೀಶುನ್ನುಂಡ್ ಸಾರೇ!" ಬೀಸುತ್ತಲೇ ಇದ್ದೇನೆ ಸಾರ್!

ನಾನು ನಿಂತಲ್ಲಿಂದ ಕಾಣುತ್ತಿತ್ತು, ಪಾಪ, ತೋಳು ಕಿತ್ತು ಬರುವ ಹಾಗೆ ಬೀಸುತ್ತಿದ್ದ. ನಿರ್ಣಾಯಕರು ಕತ್ತು ಎಡಕ್ಕೆ ಚಾಚಿದರು, ಬಲಕ್ಕೆ ಚಾಚಿದರು. ಆಮೇಲೆ ತಮ್ಮಷ್ಟಕ್ಕೆ ತಾವೇ ಅಂದರು: "ಕಾಣಾನಿಲ್ಲಲ್ಲೋ!"

ಕಾಣುತ್ತಿಲ್ಲವಲ್ಲ! ಅದನ್ನು ಯಾರೂ ಅನುವಾದಿಸಬೇಕಾಗಿರಲಿಲ್ಲ. ನಾನು ಕೂಗಿಬಿಟ್ಟೆ. ಅಕ್ಕ ನನ್ನ ರಟ್ಟೆ ಹಿಡಿದು ಹಿಂಡಿದಳು, ಎರಡು ದಿನ ನೀಲಿಗಟ್ಟಿತ್ತು.

ಅವರನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ಪ್ಯಾಂಟಿನ ಹಿಂಭಾಗ ಟೈರಿನ ಮಸಿಯಿಂದ ಕಪ್ಪಾಗಿತ್ತು. ಅದನ್ನು ಅವರು ಗಮನಿಸಲೂ ಇಲ್ಲ. ಅಲ್ಲೇ ನಿಂತು ಫ್ಲೆಕ್ಸ್ ಬಿಚ್ಚಿಸಿದರು, ಕಟ್ಟಿದವರಿಗೆ ನಾಲ್ಕು ಮಾತು ಬೈದರು, ಡೇರೆಗೆ ಹೋಗಿ ಬರೆದದ್ದನ್ನು ಗೀಚಿ ಹಾಕಿದರು. ಅಕ್ಕ ನಾಳೆ ಓಡಿಸಬಹುದು. ಆದರೆ ಶನಿವಾರದ ಸುತ್ತು ಮುಗಿಸದ ಕಾರಣ ಎಲ್ಲರಿಗಿಂತ ಹಿಂದಿನ ಸಾಲಿನಿಂದ.

ಫ್ಲೆಕ್ಸ್ ಇಲ್ಲದಿದ್ದರೆ ಅಕ್ಕ ನಿಧಾನಿಸುತ್ತಿದ್ದಳೇ? ನನಗೆ ಗೊತ್ತಿಲ್ಲ. ನಾನು ಗೆದ್ದದ್ದು ಅವಳಿಗೆ ಬಾವುಟ ಕಂಡಿರಲಾರದು ಎಂಬಷ್ಟನ್ನು ಮಾತ್ರ, ಅದಕ್ಕಿಂತ ಒಂದಿಂಚೂ ಹೆಚ್ಚಲ್ಲ. ಆ ಪ್ರಶ್ನೆಯನ್ನೂ ನಾನು ಅಕ್ಕನ ಮುಂದಿಟ್ಟೆ, ಬಾಯಿ ಸುಮ್ಮನಿರಬೇಕಲ್ಲ. ತಂಡದ ನಾಯಕ ಹೆಲ್ಮೆಟ್ಟನ್ನು ಅವಳ ಮಡಿಲಿಗಿಟ್ಟು ಹೋಗಿದ್ದ. ಗಾಡಿಯ ಮುಂಭಾಗದ ಸ್ಟೀರಿಂಗ್ ರಾಡು ಗುದ್ದಿದ ಏಟಿಗೆ ಬಿಲ್ಲಿನ ಹಾಗೆ ಬಾಗಿತ್ತು. ಅದನ್ನು ಬಿಚ್ಚಿ ತೆಗೆಯುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ಒಂದ್ ಮಾತ್ ಹೇಳು. ನಾ ಕಾಣ್ಲಿಲ್ಲ ಅಂದಾಗ ನೀ ನಂಬಿದ್ದಿಲ್ಲ, ಹೌದಿಲ್ಲೋ?"

"ಇಲ್ಲ."

"ಈಗ?"

"ಈಗ ಪುರಾವೆ ಐತಿ."

ಅಕ್ಕ ನಕ್ಕಳೋ ಬೈದಳೋ, ಆ ಸದ್ದಿಗೆ ಎರಡೂ ಅರ್ಥ ಬರುತ್ತಿತ್ತು. ರಾಡಿನ ಒಂದು ತುದಿಯನ್ನು ನನ್ನ ಕೈಗೆ ತುರುಕಿ, ಇನ್ನೊಂದು ತುದಿಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿಕೊಂಡಳು.

"ಗಟ್ಟಿ ಹಿಡಿ. ಇದು ನೆಟ್ಟಗಾದ್ರ ನಾಳೆ ಓಡಸ್ತೀನಿ, ಇಲ್ಲಾಂದ್ರ ಇಲ್ಲ. ಅಲುಗಬ್ಯಾಡ."

ಹಿಡಿದೆ. ಮೊದಲ ಏಟಿಗೆ ಮೊಣಕೈ ತನಕ ಝುಮ್ಮೆಂದಿತು. ಎರಡನೆಯ ಏಟಿಗೆ ರಾಡು ಕೂದಲೆಳೆಯಷ್ಟು ನೆಟ್ಟಗಾಯಿತು. ಅಕ್ಕ ಒಂದು ಕಣ್ಣು ಮುಚ್ಚಿ ಅದರುದ್ದಕ್ಕೂ ನೋಡಿ, ಮತ್ತೆ ಸುತ್ತಿಗೆ ಎತ್ತಿದಳು.