ನೀಲಿ ದಾರ ಕಟ್ಟಿದ ಗಿಡಗಳು

ಇವತ್ತು ಬೆಳಿಗ್ಗೆ ಒಣಗಿದ ಗೈಲಾರ್ಡಿಯಾ ಹೂಗಳನ್ನು ಚಿವುಟಿದೆ. ಅದರ ಕಹಿ ವಾಸನೆ ಬೆರಳಿಗೆ ಹತ್ತಿದ್ದು ಸಾಬೂನಿಗೂ ಜಗ್ಗಲಿಲ್ಲ. ನೀವೂ ಈ ಹೂವನ್ನು ನೋಡಿರುತ್ತೀರಿ. ಕೆಂಪು-ಹಳದಿ ಬಣ್ಣ, ಸೇವಂತಿಗೆಯ ಕುಲ. ಆದರೆ ಸೇವಂತಿಗೆಗೆ ಇರುವ ಮರ್ಯಾದೆ ಇದಕ್ಕಿಲ್ಲ. ನಮ್ಮೂರು ಬೆಳಂಬಾರದ ಕಡಲದಂಡೆಯ ಉಸುಕು ಬೇಸಿಗೆಯಲ್ಲಿ ಕಾಲು ಸುಡುವಾಗ, ಇದು ಅದೇ ಉಸುಕಿನಲ್ಲಿ ನಿಂತು ಅರಳುತ್ತದೆ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ದೋಣಿ ಹತ್ತಿದವ. ಹೂವಿನ ವಿದ್ಯೆಯೆಲ್ಲ ತಂಗಿ ಹೊನ್ನಮ್ಮನದು. ಕಿನ್ನರ ಊರಿನ ಚಿಕ್ಕಮ್ಮನ ಮನೆಯಿಂದ ಅವಳು ಸೆರಗಿನ ಗಂಟಿನಲ್ಲಿ ಬೀಜ ತಂದಿದ್ದಳು. ಅದರಲ್ಲಿ ಒಂಟಿ ಸುತ್ತಿನ ಕೆಂಪು ಬಂತು, ತುಂಬು ಹಳದಿ ಬಂತು, ತಾಮ್ರದ ಬಣ್ಣದ್ದೂ ಬಂತು. ಒಂದು ಗಿಡದಲ್ಲಿ ಮಾತ್ರ ಎಸಳೆಲ್ಲ ಸಣ್ಣ ತುತ್ತೂರಿಯಂತೆ ಸುರುಳಿಯಾಗಿ, ಬುಡ ಕುಂಕುಮ, ತುದಿ ಹಳದಿಯಾಗಿ ಅರಳಿತು. ಅವಳು ಮೂರು ಬೇಸಿಗೆ ಅದರ ಬೀಜವನ್ನೇ ಆರಿಸಿ ಬಿತ್ತಿದಳು. ಮನಸ್ಸಿಗೆ ಬಾರದ್ದನ್ನು ಕಿತ್ತೆಸೆದಳು. ಕಡೆಗೆ ಐದು ಗಿಡ ಅವಳು ಬಯಸಿದಂತೆ ಬಂದವು. ಬೀಜಕ್ಕೆಂದು ಅವಕ್ಕೆ ಹಳೆ ಬಲೆಯ ನೀಲಿ ದಾರ ಕಟ್ಟಿ, ಚಿಕ್ಕಮ್ಮನನ್ನು ನೋಡಲು ಕಿನ್ನರಕ್ಕೆ ಹೋದಳು.

ನಮ್ಮ ದೋಣಿಯಲ್ಲಿ ನೀಲಿ ದಾರ ಕಟ್ಟಿದ ಬುಟ್ಟಿ ಎಂದರೆ ಎಲ್ಲಕ್ಕಿಂತ ಮೊದಲು ಪೇಟೆಗೆ ಹೋಗಬೇಕಾದ ಮೀನು. ಶೆಟಗೇರಿಯ ಮದುವೆಮನೆಯವರು ಬಂದು ಮಂಟಪಕ್ಕೆ ದಂಟಿನ ಸಮೇತ ಹೂ ಕೇಳಿದಾಗ ನಾನು ಯೋಚಿಸಲಿಲ್ಲ. ಮೊದಲು ಕೊಡಬೇಕಾದದ್ದು ಇವೇ ಎಂದು ದಾರ ಹುಡುಕಿ ಹುಡುಕಿ, ಐದನ್ನೂ ಬುಡಮಟ್ಟ ಕೊಯ್ದು ಕೊಟ್ಟೆ.

ಕೆಲಸ ಕೆಟ್ಟಿತೆಂದು ತಿಳಿದದ್ದು ಪಕ್ಕದ ಮನೆಯ ನಾಗಮ್ಮ ಬೇಲಿಯಾಚೆಯಿಂದ, “ಅಯ್ಯೋ, ಹೊನ್ನಿ ಬೀಜಕ್ಕೆ ಬಿಟ್ಟದ್ದಲ್ವನಾ ಅದು?” ಎಂದಾಗ. “ಅಲ್ಲ, ಅದು ಬೇರೆ” ಎಂದುಬಿಟ್ಟೆ; ಅವಳು ನಂಬಿ ಒಳಗೆ ಹೋದಳು. ಅಲ್ಲಿಯವರೆಗೆ ತಪ್ಪು. ಮುಂದಿನದು ಪಾಪ. ಕತ್ತಿಯ ಕೊಯ್ತ ಕಾಣಬಾರದೆಂದು ಉಳಿದ ಮೋಟುಗಳನ್ನು ಕಲ್ಲಿನಿಂದ ಜಜ್ಜಿದೆ. ತಂಗಿ ಬಂದಾಗ, “ನಾಗಮ್ಮನ ಆಡು ತಿಂತು” ಎಂದೆ.

ಹೊನ್ನಮ್ಮ ಬೇಲಿಗೆ ಹೋಗಿ ಕೂಗಾಡಿದಳು. “ನನ್ನ ಆಡು ಕಟ್ಟೇ ಇತ್ತೇ ಮಾರಾಯ್ತಿ! ನಿನ್ನ ಅಣ್ಣನ್ನೇ ಕೇಳು” ಎಂದಳು ನಾಗಮ್ಮ. ಕೇಳಿದರು. ನಾನು ಸಮುದ್ರದ ಕಡೆ ನೋಡುತ್ತಾ, “ಆಡು ತಿಂದದ್ದು ನಾ ನೋಡ್ದೆ” ಎಂದೆ. ಆ ತಿಂಗಳೇ ನಾಗಮ್ಮ ಆಡನ್ನು ಮಾರಿದಳು. ಒಂದೇ ಬಾವಿಯ ನೀರು ಸೇದುವ ಇಬ್ಬರು ಹೆಂಗಸರು ಆರು ವರ್ಷ ಮಾತಾಡಲಿಲ್ಲ.

ತಂಗಿ ಮಾತ್ರ ಸೋಲಲಿಲ್ಲ. “ಇದು ಗೊಂಡೆ ಹೂ ಅಲ್ಲ, ಒಂದು ವರ್ಷಕ್ಕೆ ಸಾಯೂಕೆ. ಬೇರು ಗಟ್ಟಿ ಉಂಟು” ಎಂದು ಮೋಟುಗಳಿಗೆ ದಿನವೂ ನೀರೆರೆದಳು. ನಾನು ಅತ್ತ ನೋಡುತ್ತಿರಲಿಲ್ಲ. ಮಳೆ ಹಿಡಿಯುವ ಮೊದಲು ಒಂದು ಬುಡ ಚಿಗುರಿತು, ಆಮೇಲೆ ಇನ್ನೊಂದು. ಬುಡ ಒಡೆದು ನೆಟ್ಟು, ನೆಟ್ಟದ್ದನ್ನು ಒಡೆದು, ಅಂಗಳ ತುಂಬಿಸಿದಳು. ಈ ಬೇಸಿಗೆ ಕಾರವಾರದ ಹೂವಿನ ಸ್ಪರ್ಧೆಯಲ್ಲಿ ಅವಳ ತುತ್ತೂರಿ ಹೂವಿಗೆ ಮೊದಲ ಬಹುಮಾನ! ಹೆಸರು ಕೂಗಿದಾಗ ನಾನು ಹೊಡೆದ ಚಪ್ಪಾಳೆಗೆ ಮುಂದೆ ಕೂತವರು ತಿರುಗಿ ನೋಡಿದರು.

ವಾಪಸ್ ಬಸ್ಸಿನಲ್ಲಿ ತಂಗಿ ನಗುತ್ತಾ ಹೇಳಿದಳು: “ಖರೇ ಹೇಳ್ತೆ ಅಣ್ಣ, ನಾಗಿ ಆಡಿಗೂ ಒಂದು ಬಹುಮಾನ ಕೊಡ್ಬೇಕು. ಅದು ಬುಡಮಟ್ಟ ತಿಂದದ್ದಕ್ಕೇ ಗಿಡ ಪೊದೆ ಆಗಿ ಚಿಗುರಿದ್ದು.”

ಆರು ವರ್ಷ ನಾಚಿಕೆ ಹೊರಡಿಸಲಾರದ ಮಾತನ್ನು ಆಡಿಗೆ ಸಿಕ್ಕ ಹೊಗಳಿಕೆ ಹೊರಡಿಸಿತು. ನನ್ನ ಯೋಗ್ಯತೆ ಅಷ್ಟೇ. “ಆಡು ಅಲ್ಲ, ನಾನು” ಎಂದೆ. ಕಲ್ಲಿನ ಸಂಗತಿಯನ್ನೂ ಹೇಳಿದೆ.

ಅಂಕೋಲೆ ಬಂದಾಗ ಅವಳು ನನಗಿಂತ ಮೊದಲು ಎದ್ದಳು. ಇಳಿದವಳೇ, “ನಡಿ, ನಾಗಿ ಮನೆಗೆ” ಎಂದಳು.

ನಾಗಮ್ಮ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿದಳು. “ಕಲ್ಲಲ್ಲಿ ಜಜ್ಜಿದ್ಯಾ? ನನ್ನ ಆಡಿನ ಬಾಯಲ್ಲಿ ಹಲ್ಲಿತ್ತನಾ, ಕಲ್ಲಿತ್ತನಾ?” ಎಂದಳು. ಆಮೇಲೆ ದನಿ ತಗ್ಗಿತು. “ಹಗ್ಗ ಹಿಡ್ದು ಎಳ್ಕೊಂಡು ಹೋಗ್ವಾಗ ಅದು ತಿರ್ಗಿ ತಿರ್ಗಿ ನೋಡ್ತಿತ್ತು.”

“ತಪ್ಪಾಯ್ತು ನಾಗಮ್ಮ” ಎಂದೆ.

“ನಿಂದು ಆಮೇಲೆ ನೋಡ್ವ” ಎಂದು ಅವಳು ನನ್ನನ್ನು ದಾಟಿ ತಂಗಿಯ ಕೈ ಹಿಡಿದಳು. “ಒಳಗೆ ಬಾರೆ ಹೊನ್ನಿ, ಚಾ ಇಡ್ತೆ. ಬಹುಮಾನ ಎಲ್ಲಿ, ತೋರ್ಸು.”

ಈಗ ನಾಗಮ್ಮನ ಅಂಗಳದಲ್ಲೂ ತುತ್ತೂರಿ ಹೂ ಅರಳುತ್ತಿದೆ. ಎರಡೂ ಅಂಗಳದ ಒಣ ಹೂ ಚಿವುಟುವುದು ನನ್ನ ಪಾಲಿನ ಕೆಲಸ. ಅವರಿಬ್ಬರೂ ಮೆಟ್ಟಿಲ ಮೇಲೆ ಕೂತು, “ಅಲ್ಲೊಂದು ಬಿಟ್ಯಲ್ಲಾ, ಕಣ್ಣು ಕಾಣುದಿಲ್ವನಾ?” ಎಂದು ಒಂದೇ ಬಾಯಿಯಲ್ಲಿ ಗದರುತ್ತಾರೆ. ನಂತರ ನನ್ನನ್ನು ಮರೆತು ತಮ್ಮ ಮಾತಿಗೆ ಹೊರಳುತ್ತಾರೆ. ಆರು ವರ್ಷದ್ದು ಬಾಕಿ ಇದೆ. ಬೇಗ ಮುಗಿಯುವ ಲಕ್ಷಣ ಕಾಣುವುದಿಲ್ಲ. ಕಡೆಗೆ ಯಾರಿಗೋ ನೆನಪಾಗಿ ನನಗೂ ಒಂದು ಲೋಟ ಚಾ ಬರುತ್ತದೆ, ಪೂರ್ತಿ ತಣ್ಣಗಾಗಿ. ಬೇಲಿಗೆ ಒರಗಿ ನಿಂತು, ಅವರ ಮಾತು ಕೇಳುತ್ತಾ, ಒಂದು ಹನಿ ಬಿಡದೆ ಕುಡಿಯುತ್ತೇನೆ.