ಕೈ ಎದ್ದಿತು, ಪಟಕ ನಿಲ್ಲಲಿಲ್ಲ

ಎಪ್ಪತ್ತರ ದಶಕದಲ್ಲಿ ನನ್ನ ಮದುವೆ ಅಪ್ಪನ ತಲೆಯ ಪಟಕಕ್ಕೆ ಸಿಕ್ಕಿಕೊಂಡಿತ್ತು. ನಾವಿದ್ದದ್ದು ಇಂಡಿಯಲ್ಲಿ, ಹುಡುಗನ ಕಡೆಯವರು ಬಸವನ ಬಾಗೇವಾಡಿಯವರು. ಮಾತುಕತೆಗೆ ಬನ್ನಿ ಎಂದು ಅವರು ಮತ್ತೆ ಮತ್ತೆ ಹೇಳಿ ಕಳಿಸುತ್ತಿದ್ದರು. ಅಪ್ಪನಿಗೋ ಲಕ್ವ ಹೊಡೆದು ಎಡಗೈ ಸೋತಿತ್ತು. ಕಾಲು ಹೇಗೋ ಸುಧಾರಿಸಿತ್ತು, ಆದರೆ ತಲೆಗೆ ಪಟಕ ಸುತ್ತಿಕೊಳ್ಳಲು ಬರುತ್ತಿರಲಿಲ್ಲ. ಬರಿತಲೆಯಲ್ಲಿ ಹೊಸ್ತಿಲು ದಾಟುವ ಮನುಷ್ಯ ಅವರಲ್ಲ. ಅವ್ವ ತಾನು ಸುತ್ತುತ್ತೇನೆಂದರೆ ಅಪ್ಪ ಸಿಡುಕುತ್ತಿದ್ದರು.

"ಮಂದಿ ಕೈಲೆ ಪಟಕಾ ಸುತ್ತಿಸಿಕೊಳ್ಳಾಕ ನಾ ಏನ ಮದುಮಗ ಏನ?"

ಮದುಮಗ ಬಾಗೇವಾಡಿಯಲ್ಲಿ ಕಾಯುತ್ತಿದ್ದಾನೆ ಎಂದು ನಾನು ಅಡುಗೆಮನೆಯಿಂದ ಗೊಣಗುತ್ತಿದ್ದೆ. ನನ್ನ ಬಾಯಿ ಆಗಲೂ ಸುಮ್ಮನಿರುತ್ತಿರಲಿಲ್ಲ.

ಕೊನೆಗೆ ಚಿಕಿತ್ಸೆಗೆಂದು ನಾನೂ ಅಪ್ಪನೂ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗಿ ಸೋದರತ್ತೆಯ ಮನೆಯಲ್ಲಿ ಉಳಿದೆವು. ಅಲ್ಲಿನ ದವಾಖಾನೆಯ ಫಿಜಿಯೋಥೆರಪಿ ಕೋಣೆಯಲ್ಲಿ ಡಾಕ್ಟರು ಅಪ್ಪನ ಭುಜ ಹಿಡಿದು ಎತ್ತಿಸುತ್ತಿದ್ದರು, ಗಾಲಿಯ ಹಗ್ಗ ಎಳೆಸುತ್ತಿದ್ದರು, ಚೆಂಡು ಹಿಚುಕಿಸುತ್ತಿದ್ದರು. ಹರೆಯದಲ್ಲಿ ಗರಡಿಯ ಮಣ್ಣು ಮೈಗೆ ಬಳಿದುಕೊಂಡಿದ್ದ ಅಪ್ಪನಿಗೆ ಈ ಕಸರತ್ತು ಬಲು ಹಿಡಿಸಿತು. ಕೈ ನಿಧಾನಕ್ಕೆ ಕಿವಿಯವರೆಗೆ ಏರಿತು, ಆಮೇಲೆ ತಲೆಯ ಮೇಲೂ ಹೋಯಿತು. ಅತ್ತೆ ಹಿಗ್ಗಿ ಹೋಳಿಗೆ ಮಾಡಿದಳು. ಅವತ್ತೇ ಅಪ್ಪ ಪಟಕ ಹಿಡಿದು ಕೂತರು. ಕೈ ತಲೆಯ ಮೇಲೇನೋ ಹೋಯಿತು, ಹೋದ ಮೇಲೆ ಏನು ಮಾಡಬೇಕೆಂದು ಅದಕ್ಕೆ ತಿಳಿಯಲಿಲ್ಲ. ಬಟ್ಟೆ ಜಾರಿ ಕೊರಳಿಗೆ ಬಿತ್ತು. ಅಪ್ಪ ಹೋಳಿಗೆ ಮುಟ್ಟಲಿಲ್ಲ.

ಇದನ್ನು ಕೇಳಿದ ಡಾಕ್ಟರು ಪಕ್ಕದ ಕೋಣೆಗೆ ಕಳಿಸಿದರು. ಬಾಗಿಲ ಮೇಲೆ ಇಂಗ್ಲಿಷಿನಲ್ಲಿ 'ಆಕ್ಯುಪೇಷನಲ್ ಥೆರಪಿ' ಎಂದು ಬರೆದದ್ದನ್ನು ನಾನು ಮ್ಯಾಟ್ರಿಕ್ ಪಾಸಾದ ಜಂಬದಲ್ಲಿ 'ಉದ್ಯೋಗದ ಚಿಕಿತ್ಸೆ' ಎಂದು ಬಿಡಿಸಿ ಹೇಳಿದೆ. ಅಪ್ಪ ಅಲ್ಲೇ ನಿಂತರು.

"ನೌಕರಿ ಕೊಡ್ತಾರೇನ? ನನಗ ಹೊಲಾ ಐತಿ ಅಂತ ಹೇಳವಾ."

ಒಳಗಿದ್ದವಳು ನನಗಿಂತ ತುಸು ದೊಡ್ಡವಳು, ಸೊಲ್ಲಾಪುರದ ಕನ್ನಡದವಳೇ. ಅವಳಿಗೆ ನಗು ತಡೆಯಲಾಗಲಿಲ್ಲ.

"ನೌಕರಿ ಅಲ್ರಿ ಕಾಕಾ. ಮುಂಜಾನಿ ಎದ್ದಾಗಿಂದ ನೀವು ಮಾಡೂದೆಲ್ಲಾ ಉದ್ಯೋಗನ. ಆ ಖೋಲ್ಯಾಗ ಕೈ ಏಳಾಕ ಕಲಿತೈತಿ. ಎದ್ದ ಕೈಲೆ ನೀವು ಏನ ಮಾಡಬೇಕಂತೀರಿ, ಅದನ್ನ ಇಲ್ಲಿ ಕಲಿಯೂದು. ನಿಮಗ ಯಾವ ಉದ್ಯೋಗ ಬೇಕ್ರಿ?"

ಹೊಲದ ಕೆಲಸ ಹೇಳುತ್ತಾರೆ ಎಂದುಕೊಂಡೆ. ಅಪ್ಪ ನೆಲ ನೋಡುತ್ತ, "ಪಟಕಾ ಸುತ್ತೂದು" ಎಂದರು.

ಈ ಸಲ ಅವಳು ನಗಲಿಲ್ಲ. ಅದಕ್ಕೇ ಅವಳ ಮೇಲೆ ನನಗೆ ಇವತ್ತಿಗೂ ಪ್ರೀತಿ. ಮರುದಿನ ಪಟಕ ತರಿಸಿದಳು. ನಿಂತು ಸುತ್ತುವ ಹಳೆಯ ರೂಢಿ ಬಿಡಿಸಿ ಕುರ್ಚಿಯಲ್ಲಿ ಕೂರಿಸಿದಳು. ಎಡ ಮೊಣಕೈಯನ್ನು ಎತ್ತರದ ಮೇಜಿಗೆ ಊರಿಸಿ, ಬಟ್ಟೆಯ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಸಿದಳು. ಎಡಗೈ ಸುತ್ತನ್ನು ಒತ್ತಿ ಹಿಡಿದರೆ ಸಾಕು, ಸುತ್ತುವ ಕೆಲಸವೆಲ್ಲ ಬಲಗೈಯದು. ಬೆಳಿಗ್ಗೆ ಡಾಕ್ಟರ ಗರಡಿ, ಆಮೇಲೆ ಪಟಕ. ಒಂದು ಕೋಣೆಯವರು ಕೈ ನೋಡುತ್ತಿದ್ದರು, ಇನ್ನೊಂದು ಕೋಣೆಯವಳು ಕೈಯ ಕೆಲಸ ನೋಡುತ್ತಿದ್ದಳು. ಎರಡೂ ಬೇಕಾಗಿತ್ತು. ಬಾಯಲ್ಲಿ ಬಟ್ಟೆ ಇದ್ದಷ್ಟು ಹೊತ್ತು ಅಪ್ಪನಿಗೆ ಬೈಯಲಾಗುತ್ತಿರಲಿಲ್ಲ. ನಾನು ಆ ಸುಖವನ್ನು ಚೆನ್ನಾಗಿ ಅನುಭವಿಸಿದೆ.

ಇಂಡಿಗೆ ಮರಳಿದ ಮೇಲೆ ಬಾಗೇವಾಡಿಗೆ ಹೊರಡುವ ದಿನ ಬಂತು. ಅಪ್ಪ ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಒಳಗಿದ್ದರು. ಬಸ್ಸು ತಪ್ಪುತ್ತದೆ ಎಂದು ಅವ್ವ ಅಂಗಳದಿಂದ ಕೂಗುತ್ತಿದ್ದಳು. ಬಾಗಿಲು ತೆಗೆದು ಬಂದಾಗ ಪಟಕ ತಲೆಯ ಮೇಲಿತ್ತು, ಎಡಕ್ಕೆ ವಾಲಿತ್ತು. ಬೀಗರ ಮನೆಗೆ ಹೀಗೆ ಹೋದರೆ ಹೇಗೆ ಎಂದು ಸರಿಮಾಡಲು ಕೈ ಎತ್ತಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದರು.

"ಮುಟ್ಟಬ್ಯಾಡ. ಅದು ನಾನ ಸುತ್ತಿದ್ದು."

ಇನ್ನೇನೋ ಅನ್ನಬೇಕೆಂದು ಬಾಯಿ ತೆರೆದವಳು ಕೆಳಗೆ ನೋಡಿದೆ. ನನ್ನನ್ನು ಹಿಡಿದಿದ್ದದ್ದು ಅವರ ಎಡಗೈ. ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.