ಕಪ್ಪುಕುಳಿಯ ಮಿಡಿತ ಆರಿಸುವವರು

ವಿಜ್ಞಾನ ಲೋಕ ಕೂಡಲೇ ಗಮನ ಹರಿಸಬೇಕಾದ ಸಂಗತಿಯೊಂದಿದೆ: ಭೌತವಿಜ್ಞಾನ ವಿಭಾಗದ ಮೂರನೇ ಮಹಡಿಯ ಕೊನೆಯ ಕೋಣೆಯ ಕುರ್ಚಿಗೆ ಒಂದು ಕಾಲು ಗಿಡ್ಡ. ಹಂಗಾಮಿ ನೌಕರರಿಗೆ ಕುರ್ಚಿ ಮಂಜೂರಾಗುವುದಿಲ್ಲವೆಂದು ಕಚೇರಿ ಹೇಳಿರುವುದರಿಂದ, ಆ ಕಾಲಿನಡಿ ವಿಭಾಗದ ಹಳೆಯ ಪ್ರಬಂಧವೊಂದನ್ನು ಮಡಿಸಿ ಇಡಲಾಗಿದೆ. ಈಗಷ್ಟೇ ಬೆಳಕು ಹರಿಯುತ್ತಿದೆ. ಸಂಶೋಧನೆಯ ಲೆಕ್ಕ ಓಡಿಸುವ ಸಹಾಯಕಿ ಕುರ್ಚಿಯನ್ನೊಮ್ಮೆ ಒತ್ತಿ ನೋಡಿ ಕೂರುತ್ತಾರೆ. ಸಂಶೋಧಕರು ಬಂದರೆ ಕಂಪ್ಯೂಟರು ಇವರಿಗೆ ಸಿಗುವುದಿಲ್ಲ. ಅದಕ್ಕೇ ಈ ಹೊತ್ತು.

ಕೆಲವು ಲೋಹಗಳಲ್ಲಿ ಎಲೆಕ್ಟ್ರಾನುಗಳು ಒಂದೊಂದಾಗಿ ಓಡಾಡದೆ ಸಂತೆಯ ಜನರಂತೆ ಒಟ್ಟಾಗಿ ನೂಕಾಡುತ್ತವೆ. ಆ ಲೆಕ್ಕ ನೇರವಾಗಿ ಯಾರ ಕೈಗೂ ಹತ್ತುವುದಿಲ್ಲ. ಹಾಗಾಗಿ ವಿದ್ವಾಂಸರು ವಿದ್ಯುದಾವೇಶ ಹೊತ್ತ ಕಪ್ಪುಕುಳಿಯೊಂದನ್ನು ಸಮೀಕರಣಗಳಲ್ಲೇ ಕಟ್ಟಿ, ಲೋಹಕ್ಕೆ ಅದನ್ನೇ ಕನ್ನಡಿಯಾಗಿ ಹಿಡಿಯುತ್ತಾರೆ. ತಟ್ಟಿದರೆ ಕುಳಿ ಗಂಟೆಯಂತೆ ಮಿಡಿದು ಸುಮ್ಮನಾಗುತ್ತದೆ. ಆ ಮಿಡಿತಗಳೇ ಎಲೆಕ್ಟ್ರಾನುಗಳ ಒಟ್ಟು ಕುಣಿತ. ತೊಂದರೆಯೆಂದರೆ, ಕಂಪ್ಯೂಟರು ನಿಜದ ಜೊತೆ ತಾನೇ ಹುಟ್ಟಿಸಿದ ಸುಳ್ಳು ಮಿಡಿತಗಳನ್ನೂ ಸುರಿಯುತ್ತದೆ. ಬೆಳಗಿಗೆ ಮುನ್ನೂರು ಬಂದರೆ ಉಳಿಯುವುದು ಹತ್ತೋ ಹನ್ನೆರಡೋ.

“ಲೆಕ್ಕ ಹಾಕೋ ಚುಕ್ಕಿಗಳ ಜರಡಿ ಸಣ್ಣ ಮಾಡಿ ಅದೇ ಲೆಕ್ಕ ಇನ್ನೊಂದ್ಸಲ ಓಡಿಸ್ತೀನಿ. ನಿಂತಲ್ಲೇ ನಿಂತಿದ್ರೆ ನಿಜ. ಕದಲಿದ್ರೆ ಸುಳ್ಳು, ಕಸಕ್ಕೆ. ವಿಭಾಗದ ಮುಖ್ಯಸ್ಥರು ಹಾಕಿಕೊಟ್ಟ ನಿಯಮ,” ಎನ್ನುತ್ತಾರೆ ಸಹಾಯಕಿ. ಒಮ್ಮೆ ಕದಲಿದ್ದನ್ನೂ ಉಳಿಸಿಕೊಂಡಿದ್ದಕ್ಕೆ ಮುಖ್ಯಸ್ಥರು, “ಯೋಚ್ನೆ ಮಾಡೋಕೆ ನಾವಿದೀವಿ, ನೀವು ಆರ್ಸಿ ಸಾಕು,” ಎಂದಿದ್ದರಂತೆ.

ಗಂಡ ತೀರಿಕೊಂಡ ಮೇಲೆ ಗಣಿತದ ಪದವಿಯೊಂದನ್ನೇ ನೆಚ್ಚಿಕೊಂಡು ಹಿಡಿದ ಕೆಲಸವಿದು. ಮನೆಯಲ್ಲಿ ಇವರು ಮತ್ತು ಅತ್ತೆ, ಇಬ್ಬರೇ. “ನಿನ್ನ ಕುಳಿ ಇನ್ನೂ ಮುಚ್ಲಿಲ್ವೇನೇ?” ಎಂದು ಅತ್ತೆ ದಿನವೂ ಕಿಚಾಯಿಸುತ್ತಾರೆ. ಪ್ರಬಂಧ ಅಚ್ಚಾದಾಗ ಮಾತ್ರ ಅವರ ಪ್ರಶ್ನೆ ಬೇರೆ: ಹೆಸರು ಬಂತಾ? ಇಷ್ಟು ವರ್ಷ ಬಂದಿಲ್ಲ. “ಯಾವ ಮೂಲೇಲಾದ್ರೂ ಸರಿ, ಅತ್ತೆ ಕಣ್ಣಿಗೆ ಬಿದ್ರೆ ಸಾಕು,” ಎಂಬುದಷ್ಟೇ ಸಹಾಯಕಿಯ ಆಸೆ.

ಕಳೆದ ಬೇಸಿಗೆಯಲ್ಲಿ ಎರಡು ಮಿಡಿತಗಳು, ಎರಡೂ ಅಲೆಯಾಗದೆ ಸುಮ್ಮನೆ ನಂದಿಹೋಗುವಂಥವು, ಹತ್ತಿರ ಹತ್ತಿರ ಸರಿದುಬಂದವು. ಜರಡಿ ಬದಲಿಸಿದಾಗ ಎರಡೂ ಕದಲಿದವು. ನಿಯಮದಂತೆ ಕಸಕ್ಕೆ ಹೋದವು. ಇಂಥ ಲೋಹದಲ್ಲಿ ಎಲೆಕ್ಟ್ರಾನುಗಳ ಅಲೆಯೇ ಏಳದು ಎಂದು ವಿಭಾಗದ ಪ್ರಬಂಧ ಘಂಟಾಘೋಷವಾಗಿ ಸಾರಿತು. ಲೇಖಕರು ನಾಲ್ವರು, ಸಹಾಯಕಿಗೆ ಮುಂದಿನ ಸಲದ ಭರವಸೆ.

ತಿಂಗಳೊಪ್ಪತ್ತಿನಲ್ಲಿ ಬೇರೊಂದು ಸಂಸ್ಥೆಯವರು ಅವೇ ಎರಡು ಮಿಡಿತಗಳು ಕೂಡಿ ಅಲೆಯಾಗಿ ಹೊರಡುವುದನ್ನು ತೋರಿಸಿದರು. ಕೂಡುವ ಜಾಗದಲ್ಲಿ ಜರಡಿ ಬದಲಾದರೆ ನಿಜವಾದದ್ದೂ ಕದಲುತ್ತದಂತೆ. ಮುಖ್ಯಸ್ಥರು ಕಾರಿಡಾರಿನಲ್ಲೇ ನಿಲ್ಲಿಸಿಕೊಂಡು ಕೇಳಿದರು: “ನಿಯಮ ಅಂತ ಕಣ್ಮುಚ್ಕೊಂಡು ಮಾಡೋದೇನ್ರೀ?”

“ಕೈಗೆ ಸಿಕ್ಕಿತ್ತು, ನಾನೇ ಎಸ್ದೆ,” ಎನ್ನುತ್ತಾರೆ ಸಹಾಯಕಿ, ಪರದೆಯಿಂದ ಕಣ್ಣು ತೆಗೆಯದೆ. “ಯಾರಾದ್ರೂ ಕಸ್ಕೊಂಡಿದ್ರೆ ಬೈಕೊಂಡಾದ್ರೂ ಇರ್ಬಹುದಿತ್ತು.”

ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೆ ತಿದ್ದುಪಡಿ ಹೋಯಿತು. ನಿಯಮ ಯಾರದೆಂದು ಅದರಲ್ಲಿಲ್ಲ. ಮಿಡಿತಗಳನ್ನು ಕೈಬಿಟ್ಟವರು ಯಾರೆಂದು ಹೆಸರು ಸಮೇತ ಇದೆ. ಇಂಗ್ಲಿಷ್ ಓದಲು ಬಾರದ ಅತ್ತೆ, ಅಚ್ಚಾದ ಹಾಳೆ ಕಂಡದ್ದೇ ಎಂದಿನ ಪ್ರಶ್ನೆ ಕೇಳಿದರು.

“ಬಂತು ಅತ್ತೆ.”

“ಸದ್ಯ. ಎಲ್ಲಿ, ತೋರ್ಸು.”

ಸೊಸೆ ಬೆರಳಿಟ್ಟು ತೋರಿಸಿದರು. ಅತ್ತೆ ಹಾಳೆಯನ್ನು ಮಗನ ಫೋಟೋದ ಚೌಕಟ್ಟಿಗೆ ಸಿಕ್ಕಿಸಿದರು. ಅದು ಈಗಲೂ ಅಲ್ಲೇ ಇದೆ.